ಎಂಟು ವಾರವೋ ನಾಲ್ಕು ವಾರವೋ: ಪ್ರಾಸ್ಟೇಟ್ ರೇಡಿಯೇಷನ್ನಿಗೆ ಮುನ್ನ

ಪ್ರಾಸ್ಟೇಟ್ ಕ್ಯಾನ್ಸರಿಗೆ ರೇಡಿಯೇಷನ್ ಎಂದು ತೀರ್ಮಾನವಾದ ಕೂಡಲೇ ಮನೆಯವರು ಕೇಳುವುದು ‘ಎಷ್ಟು ದಿನ?’ ಎಂದು. ರಾಯಚೂರಿನಿಂದ ಬೆಂಗಳೂರಿಗೆ ಬಂದು ಕೋಣೆ ಹಿಡಿಯಬೇಕಾದವರಿಗೆ ಅದೇನೂ ಸಣ್ಣ ಪ್ರಶ್ನೆಯಲ್ಲ. ಆದರೆ ಅದಕ್ಕೂ ಮೊದಲು ರಕ್ತದಲ್ಲಿ ಪಿಎಸ್‌ಎ ಎಷ್ಟಿದೆ, ಬಯಾಪ್ಸಿಯಲ್ಲಿ ಕ್ಯಾನ್ಸರಿನ ಉಗ್ರತೆ ತಿಳಿಸುವ ಗ್ಲೀಸನ್ ಸ್ಕೋರ್ ಎಷ್ಟು, ಗ್ರಂಥಿಯಾಚೆ ಹಬ್ಬಿದೆಯೇ ಎಂದು ಕೇಳಿ ತಿಳಿಯಿರಿ. ದಿನಗಳ ಲೆಕ್ಕ ನಿಂತಿರುವುದು ಇವುಗಳ ಮೇಲೆ. ಆಮೇಲೆ ಒಟ್ಟು ಎಷ್ಟು ಗ್ರೇ (ವಿಕಿರಣದ ಅಳತೆ) ಡೋಸ್, ಎಷ್ಟು ಸಿಟಿಂಗ್ ಎಂದು ಬರೆಸಿಕೊಳ್ಳಿ. ದಿನ ಕಡಿಮೆಯಾದರೆ ಚಿಕಿತ್ಸೆಯೂ ಕಡಿಮೆ ಎಂಬ ಅನುಮಾನಕ್ಕೆ ಉತ್ತರ ಸಿಗುವುದು ಈ ಎರಡು ಅಂಕಿಗಳಲ್ಲೇ.

ಈ ಕ್ಯಾನ್ಸರಿನ ಕೋಶಗಳು ನಿಧಾನವಾಗಿ ಬೆಳೆಯುತ್ತವೆ. ಪ್ರತಿ ಸಿಟಿಂಗಿನ ಡೋಸ್ ಹೆಚ್ಚಿಸಿದರೆ ಅವಕ್ಕೆ ಬೀಳುವ ಪೆಟ್ಟೂ ಜೋರಾಗುವುದರಿಂದ ಒಟ್ಟು ಡೋಸನ್ನು ಇಳಿಸಬಹುದು. ಬ್ರಿಟನ್ನಿನ ‘ಚಿಪ್’ ಅಧ್ಯಯನ ಮೂರು ಸಾವಿರಕ್ಕೂ ಹೆಚ್ಚು ಗಂಡಸರಲ್ಲಿ ಇದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. 37 ಸಿಟಿಂಗಿನಲ್ಲಿ, ಅಂದರೆ ಸುಮಾರು ಎಂಟು ವಾರದಲ್ಲಿ, 74 ಗ್ರೇ ಪಡೆದವರಲ್ಲಿ ಐದು ವರ್ಷದ ಬಳಿಕ ಕಾಯಿಲೆ ಮರುಕಳಿಸದೆ ಉಳಿದವರು ಶೇ 88.3, 20 ಸಿಟಿಂಗಿನಲ್ಲಿ, ಅಂದರೆ ನಾಲ್ಕು ವಾರದಲ್ಲಿ, 60 ಗ್ರೇ ಪಡೆದವರಲ್ಲಿ ಶೇ 90.6. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಮೂರನೆಯ ಗುಂಪು. ಅವರಿಗೆ ಕೊಟ್ಟಿದ್ದು 19 ಸಿಟಿಂಗ್, 57 ಗ್ರೇ. ಕೇವಲ ಒಂದು ಸಿಟಿಂಗ್ ಕಡಿಮೆ, ಫಲ ಶೇ 85.9ಕ್ಕೆ ಇಳಿಯಿತು. ಲೆಕ್ಕ ಹಾಕಿ ಅವಧಿ ಇಳಿಸುವುದೇ ಬೇರೆ, ಕೊನೆಯ ಒಂದೆರಡು ಸಿಟಿಂಗ್ ಬಿಟ್ಟು ಊರಿಗೆ ಹೊರಡುವುದೇ ಬೇರೆ. ಯಂತ್ರ ಕೆಟ್ಟೋ ಜ್ವರ ಬಂದೋ ಒಂದು ದಿನ ತಪ್ಪಿದರೆ ಗಂಟಲ ಕ್ಯಾನ್ಸರಿನಷ್ಟು ಗಾಬರಿ ಇಲ್ಲಿ ಬೇಡ. ಆದರೂ ಅಂದೇ ವಿಭಾಗಕ್ಕೆ ತಿಳಿಸಿ, ಆ ಸಿಟಿಂಗ್ ಯಾವಾಗ ತುಂಬಿಕೊಡುತ್ತಾರೆಂದು ಕೇಳಿ.

ಯಂತ್ರ ಬೇಗ ಖಾಲಿಯಾಗಲೆಂದು ಆಸ್ಪತ್ರೆಗಳು ದಿನ ಕಡಿತ ಮಾಡುತ್ತವೆ ಎಂಬ ಆಕ್ಷೇಪವಿದೆ. ಖಾಲಿಯಾಗುವುದು ನಿಜ, ಆದರೆ ಅದರಿಂದ ರೋಗಿಗೆ ನಷ್ಟವಾಗಿದೆ ಎನ್ನಲು ಮೇಲಿನ ಅಂಕಿಗಳು ಎಡೆಗೊಡುವುದಿಲ್ಲ. ಪ್ರತಿ ಸಿಟಿಂಗಿನ ಹೆಚ್ಚು ಡೋಸ್ ಮೂತ್ರಕೋಶವನ್ನು ಸುಡುವುದಿಲ್ಲವೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. 2024ರಲ್ಲಿ ಪ್ರಕಟವಾದ ‘ಪೇಸ್-ಬಿ’ ಅಧ್ಯಯನದಲ್ಲಿ ಐದೇ ಸಿಟಿಂಗ್ ಪಡೆದವರಲ್ಲಿ ಶೇ 95.8ರಷ್ಟು ಜನ ಐದು ವರ್ಷ ಮರುಕಳಿಕೆಯಿಲ್ಲದೆ ಉಳಿದರು. ದೀರ್ಘ ಚಿಕಿತ್ಸೆಯವರಲ್ಲಿ ಶೇ 94.6. ಕ್ಯಾನ್ಸರಿನ ಮಟ್ಟಿಗೆ ಎರಡೂ ಸಮವಾದರೂ ಮೂತ್ರದ ತೊಂದರೆ ಐದು ಸಿಟಿಂಗಿನವರಲ್ಲೇ ತುಸು ಹೆಚ್ಚು. ಈಗಾಗಲೇ ರಾತ್ರಿ ಮೂರ್ನಾಲ್ಕು ಸಲ ಏಳುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಆ ಅಧ್ಯಯನದಲ್ಲಿದ್ದವರು ಕಡಿಮೆ ಮತ್ತು ಮಧ್ಯಮ ಅಪಾಯದವರು ಎಂಬುದೂ ನೆನಪಿರಲಿ. ಗಂಭೀರ ಕಾಯಿಲೆಯವರು ಐದೇ ಸಿಟಿಂಗ್ ಬೇಕೆಂದು ಹಟ ಹಿಡಿಯುವುದಕ್ಕೆ ಆಧಾರವಿಲ್ಲ.

ಅಂಥವರ ಫಲಿತಾಂಶವನ್ನು ನಿಜಕ್ಕೂ ಬದಲಿಸುವ ಅವಧಿ, ಗಂಡು ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್ನಿನದು. ಯುರೋಪಿನ ಅಧ್ಯಯನವೊಂದರಲ್ಲಿ ರೇಡಿಯೇಷನ್ ಜೊತೆ ಆರು ತಿಂಗಳು ಇಂಜೆಕ್ಷನ್ ಪಡೆದವರಲ್ಲಿ ಐದು ವರ್ಷದ ಸಾವಿನ ಪ್ರಮಾಣ ಶೇ 19. ಮೂರು ವರ್ಷ ಪಡೆದವರಲ್ಲಿ ಶೇ 15.2. ಆದರೆ ಇಷ್ಟು ದೀರ್ಘ ಇಂಜೆಕ್ಷನ್ ಮೂಳೆಯನ್ನು ಸವೆಸುತ್ತದೆ. ಶುರುವಾಗುವ ಮೊದಲೇ ಮೂಳೆಸಾಂದ್ರತೆಯ ಸ್ಕ್ಯಾನ್ ಬೇಕೇ ಎಂದು ಕೇಳಿ.