ತೋಟವನ್ನು ಕಾಡೆಂದು ಬರೆದ ನಕ್ಷೆ

ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟ ಇರುವ ಊರಿಗೆ ಉಪಗ್ರಹದ ನಕ್ಷೆ ಹಿಡಿದು ಹೋಗುವವರು ಮೊದಲು ಆ ಊರಿನ ಪಹಣಿ ಓದಬೇಕು. ಇಷ್ಟು ಸಣ್ಣ ಮಾತನ್ನು ಅಂದು ಕಿವಿಗೆ ಹಾಕಿಕೊಂಡಿದ್ದರೆ ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಪಂಚಾಯಿತಿಯಲ್ಲಿ ನಡೆದ ರಾದ್ಧಾಂತ ನಡೆಯುತ್ತಿರಲಿಲ್ಲ. ಮಾತು ಹೇಳಿದವಳು ಈ ಲೇಖಕಿ. ಕೇಳದೆ ಹೋದವರು ಯೋಜನೆಯ ಉಸ್ತುವಾರಿ ಹೊತ್ತಿದ್ದ ಅಧಿಕಾರಿ. ವರ್ಷಗಳು ಕಳೆದರೂ ಆ ಸಂಕಟ ಆರಿಲ್ಲ. ಅದೇ ಬಗೆಯ ನಕ್ಷೆಗಳು ಈಗಲೂ ಊರೂರಿಗೆ ಬರುತ್ತಿವೆ. ಬರೆಯಲು ಕಾರಣ ಇವೆರಡೇ.

ಜಲಾನಯನ ಯೋಜನೆಯೊಂದಕ್ಕೆ ಭೂಬಳಕೆ ನಕ್ಷೆ ಬೇಕಾಗಿತ್ತು. ಕಂಪ್ಯೂಟರಿನಲ್ಲಿ ಕಾಡು, ತೋಟ, ಗದ್ದೆ, ಬೀಳು ಎಂದು ಬಣ್ಣ ತುಂಬಿದ ಮೇಲೆ, ಆ ಬಣ್ಣ ನೆಲದ ಮೇಲೂ ನಿಜವೇ ಎಂದು ನಡೆದು ನೋಡಿ ಬರುವ ತಂಡದಲ್ಲಿ ಲೇಖಕಿ ಇದ್ದಳು. ಕೈಯಲ್ಲಿ ಜಿಪಿಎಸ್, ಹೆಗಲಲ್ಲಿ ಚೀಲ, ಚೀಲದಲ್ಲಿ ಫೀಲ್ಡ್ ಪುಸ್ತಕ.

ಉಪಗ್ರಹಕ್ಕೆ ಎಷ್ಟು ಸಣ್ಣ ಜಾಗ ಕಾಣುತ್ತದೆ ಎಂಬುದನ್ನು ಊರಿನ ಅಳತೆಯಲ್ಲೇ ನೋಡೋಣ. ನಮ್ಮ ಸರ್ವೆ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ; 40 ಗುಂಟೆಗೆ ಒಂದು ಎಕರೆ. ಯುರೋಪ್ 2015ರಲ್ಲಿ ಹಾರಿಸಿದ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ ನೆಲದ 10 ಮೀಟರ್ ಚೌಕಕ್ಕೆ ಸಮ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ 30 ಮೀಟರಿನ ಚುಕ್ಕಿ ಸುಮಾರು ಒಂಬತ್ತು ಗುಂಟೆ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಸುಮಾರು ಐದೂವರೆ ಗುಂಟೆ. ಇಷ್ಟು ಸೂಕ್ಷ್ಮವಾಗಿ ಕಾಣುವುದಾದರೆ ತೊಂದರೆ ಎಲ್ಲಿ ಎಂದು ಕೇಳಬಹುದು. ತೊಂದರೆ ಇರುವುದು ನಕ್ಷೆಯ ಪ್ರಮಾಣದಲ್ಲಿ. 1:50,000 ಪ್ರಮಾಣದ ನಕ್ಷೆಯಲ್ಲಿ 3 ಮಿಲಿಮೀಟರ್ ಚೌಕಕ್ಕಿಂತ ಸಣ್ಣ ತುಂಡುಗಳನ್ನು ಸಾಮಾನ್ಯವಾಗಿ ಬೇರೆಯಾಗಿ ಬಿಡಿಸುವುದಿಲ್ಲ. ನೆಲದ ಮೇಲೆ ಅದು 150 ಮೀಟರ್ ಚೌಕ, ಸುಮಾರು ಐದೂವರೆ ಎಕರೆ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂಕಾಲು ಎಕರೆ ಚಿಲ್ಲರೆ. ಸರಾಸರಿ ರೈತನ ಇಡೀ ಜಮೀನು ಪಕ್ಕದ ದೊಡ್ಡ ಬಣ್ಣದೊಳಗೆ ಕರಗಿಹೋಗುವುದು ಇಂಥ ನಕ್ಷೆಯಲ್ಲಿ ದಿನನಿತ್ಯದ ಮಾತು.

ಸಿರ್ಸಿ, ಸಿದ್ದಾಪುರ ಕಡೆಯ ಅಡಿಕೆ ತೋಟಗಳು ಕಣಿವೆಯ ತಳದಲ್ಲಿ ಹಳ್ಳದ ಗುಂಟ ಉದ್ದಕ್ಕೆ ಹೋಗುತ್ತವೆ. ಅಗಲ ಕಡಿಮೆ. ಎರಡು ಕಡೆಯ ಏರಿನಲ್ಲಿ ಸೊಪ್ಪಿನಬೆಟ್ಟ. ಹಸಿರೆಲೆ ಅವಕೆಂಪು ಬೆಳಕನ್ನು ಬಲವಾಗಿ ಹಿಂದಕ್ಕೆಸೆಯುವುದರಿಂದ ಉಪಗ್ರಹದ ಕೃತಕ ಬಣ್ಣದ ಚಿತ್ರದಲ್ಲಿ ಅದು ಕೆಂಪಾಗಿ ಬರುತ್ತದೆ. ಅಡಿಕೆಯೂ ಕೆಂಪು, ಅದರ ಹಿಂದಿನ ನಿತ್ಯಹರಿದ್ವರ್ಣ ಕಾಡೂ ಕೆಂಪು. ನೆಲದಲ್ಲಿ ನಿಂತವರಿಗೆ ಒಂದು ಶತಮಾನದ ದುಡಿಮೆ ಕಾಣುವಲ್ಲಿ ಯಂತ್ರಕ್ಕೆ ಎರಡು ಕೆಂಪುಗಳ ಕೂದಲೆಳೆಯ ಅಂತರ ಮಾತ್ರ ಕಾಣುತ್ತದೆ. ಬೆಟ್ಟದ ಪಾಡು ಬೇರೆ. ಸೊಪ್ಪು ಕಡಿದ ಮೇಲೆ, ಬೇಸಿಗೆಯಲ್ಲಿ ಎಲೆ ಉದುರಿದ ಮೇಲೆ, ಅದೇ ಬೆಟ್ಟ ನಕ್ಷೆಯಲ್ಲಿ ‘ಕ್ಷೀಣಿಸಿದ ಕಾಡು’ ಆಗುತ್ತದೆ. ಜನ ಕರಡ ಕೊಯ್ಯುವ, ದನ ಮೇಯಿಸುವ ಬೇಣ ‘ಪಾಳುಭೂಮಿ’ ಆಗುತ್ತದೆ. ಭತ್ತ ಕೊಯ್ದ ಗದ್ದೆ ‘ಬೀಳು’ ಆಗುತ್ತದೆ. ಮಳೆಗಾಲದಲ್ಲಿ ಮೋಡ ಬಿಡುವುದಿಲ್ಲವಾದ್ದರಿಂದ ಮಲೆನಾಡಿಗೆ ಸಿಗುವ ಶುಭ್ರ ಚಿತ್ರ ಹೆಚ್ಚಾಗಿ ಚಳಿಗಾಲದ್ದೋ ಬೇಸಿಗೆಯದ್ದೋ ಆಗಿರುತ್ತದೆ. ಮೋಡ ಭೇದಿಸಿ ನೋಡುವ ರಾಡಾರ್ ಉಪಗ್ರಹಗಳಿವೆ. ಆ ಯೋಜನೆಯಲ್ಲಿ ಅವನ್ನು ಬಳಸಲಿಲ್ಲ. ಇದ್ದದ್ದು ಒಂದೇ ಚಿತ್ರ, ಜನವರಿಯದ್ದು.

ಬೆಟ್ಟದ ಹಕ್ಕಂತೂ ಯಾವ ಕ್ಯಾಮೆರಾಕ್ಕೂ ಕಾಣುವಂಥದ್ದಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 79ನೇ ಕಲಂ ಉತ್ತರ ಕನ್ನಡದ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆಯಂಥ ಭೂಮಿಯಲ್ಲಿ ಜನರಿಗಿರುವ ವಾಡಿಕೆಯ ಸವಲತ್ತುಗಳನ್ನು ಹೆಸರಿಸಿ ಕಾಯ್ದಿದೆ. ನೆಲ ಸರ್ಕಾರದ್ದು, ಸೊಪ್ಪು ದರಕು ತೋಟಿಗನದ್ದು. ಅಂಥ ನೆಲಕ್ಕೆ ‘ಕಾಡು’ ಎಂದು ಒಂದೇ ಬಣ್ಣ ಬಳಿದರೆ ಹೊದಿಕೆ ಮಾತ್ರ ಅಳೆದಂತಾಯಿತು, ಬಳಕೆಯನ್ನಲ್ಲ. ಎರಡೂ ಬೇರೆ ಎಂಬುದನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಗಾಗಿ ಜೇಮ್ಸ್ ಆಂಡರ್ಸನ್ ಮತ್ತು ಸಂಗಡಿಗರು 1976ರಲ್ಲಿ ವರ್ಗೀಕರಣ ಪದ್ಧತಿ ರೂಪಿಸಿದಾಗಲೇ ಬರೆದಿಟ್ಟಿದ್ದಾರೆ.

ನಮ್ಮಲ್ಲೇ ಇದರ ಪುರಾವೆ ಬೇಕೇ? ಭಾರತೀಯ ಅರಣ್ಯ ಸರ್ವೇಕ್ಷಣೆಗೆ ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಶೇ 10ಕ್ಕಿಂತ ಕಡಿಮೆಯಿಲ್ಲದ ಮರದ ನೆರಳಿರುವ ಯಾವ ಜಾಗವೂ ಅರಣ್ಯ ಹೊದಿಕೆಯೇ. ಒಡೆಯ ಯಾರು, ಮರ ಯಾವುದು ಎಂಬುದು ಲೆಕ್ಕಕ್ಕಿಲ್ಲ. ಕಾಫಿ ತೋಟ, ತೆಂಗಿನ ತೋಟ ಎಲ್ಲವೂ ಒಳಗೆ. ಆ ಲೆಕ್ಕದಲ್ಲಿ 2021ರ ವರದಿ ಕರ್ನಾಟಕಕ್ಕೆ ಕೊಟ್ಟದ್ದು ಸುಮಾರು 38,730 ಚದರ ಕಿಲೋಮೀಟರ್. ಗ್ರಾಮಮಟ್ಟದ ಕಂದಾಯ ದಾಖಲೆಯಿಂದ ಮೇಲಕ್ಕೆ ಬರುವ ಒಂಬತ್ತು ಬಗೆಯ ಭೂಬಳಕೆ ಅಂಕಿಅಂಶದಲ್ಲಿ, ರಾಜ್ಯದ 190.5 ಲಕ್ಷ ಹೆಕ್ಟೇರಿನಲ್ಲಿ ಅರಣ್ಯ ಸುಮಾರು 30.7 ಲಕ್ಷ ಹೆಕ್ಟೇರ್. ಒಂದೇ ರಾಜ್ಯ, ಎರಡು ಕಾಡು, ನಡುವೆ ಎಂಟು ಲಕ್ಷ ಹೆಕ್ಟೇರಿನ ಅಂತರ. ಎರಡೂ ಸುಳ್ಳಲ್ಲ. ಯಾವುದನ್ನು ಯಾವುದಕ್ಕೆ ಬಳಸುತ್ತೇವೆ ಎಂಬಲ್ಲಿ ಅನ್ಯಾಯ ಹುಟ್ಟುತ್ತದೆ.

ನಮ್ಮ ಯೋಜನೆಗೆ ಮರಳಿದರೆ, ಅಧಿಕಾರಿಯೊಡನೆ ಜಗಳ ಶುರುವಾದದ್ದು ಫೆಬ್ರುವರಿಯಲ್ಲಿ. ಪರಿಶೀಲನೆಯ ಸ್ಥಳಗಳನ್ನು ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸಿಕೊಟ್ಟಿತ್ತು. ಕೆಲವು ಹಳ್ಳದಾಚೆ, ಕೆಲವು ಗುಡ್ಡದ ನೆತ್ತಿಯಲ್ಲಿ. ಜೀಪು ಹೋಗುವ ದಾರಿಯಿಂದ ಕೂಗಳತೆಯೊಳಗಿನವನ್ನು ಮಾತ್ರ ನೋಡಿ, ದೂರದವನ್ನು ರಸ್ತೆ ಬದಿಗೆ ಸರಿಸಿಕೊಳ್ಳಿ ಎಂದು ಅಧಿಕಾರಿ ಅಪ್ಪಣೆ ಮಾಡಿದರು. ಮಾರ್ಚ್ ಮುಗಿಯುವುದರೊಳಗೆ ಬಿಲ್ ಆಗಬೇಕಿತ್ತು. ರಸ್ತೆ ಬದಿಯಲ್ಲಿ ಇರುವುದು ಮನೆ, ಅಂಗಡಿ, ಅಕೇಶಿಯಾ ನೆಡುತೋಪು. ತೋಟಗಳಿರುವುದು ಕೆಳಗೆ ಕಣಿವೆಯಲ್ಲಿ. ರಸ್ತೆ ಬದಿಯಲ್ಲೇ ಪರೀಕ್ಷೆ ಮಾಡಿದರೆ ನಕ್ಷೆ ಪಾಸಾಗುತ್ತದೆ, ತೋಟ ನಾಪಾಸಾಗುತ್ತದೆ. ಲೇಖಕಿ ಒಪ್ಪಲಿಲ್ಲ. ಜೊತೆಗಿದ್ದ ಇಬ್ಬರು ಹುಡುಗರೊಡನೆ ಕಾಲುದಾರಿಯಲ್ಲಿ ಇಳಿದು, ಸಿಕ್ಕಷ್ಟು ತೋಟಗಳ ಜಾಗವನ್ನು ಅಕ್ಷಾಂಶ ರೇಖಾಂಶ ಸಮೇತ ಪುಸ್ತಕದಲ್ಲಿ ಬರೆದಳು. ತೋಟವೆಂದು ಖುದ್ದು ನೋಡಿದ ಜಾಗಗಳಲ್ಲಿ ಅರ್ಧಕ್ಕೂ ಹೆಚ್ಚು ನಕ್ಷೆಯಲ್ಲಿ ದಟ್ಟ ಅರಣ್ಯವಾಗಿದ್ದವು. ವರದಿ ಕಳಿಸಿದಳು. ಅಧಿಕಾರಿ ಅದನ್ನು ಪಕ್ಕಕ್ಕಿಟ್ಟು, ಒಟ್ಟು ನಿಖರತೆಯ ಅಂಕಿ ಚೆನ್ನಾಗಿದೆ ಎಂದು ನಕ್ಷೆಯನ್ನು ಮುದ್ರಣಕ್ಕೆ ಕಳಿಸಿದರು.

ಮುಂದಿನದನ್ನು ಇಂದು ನೆನೆದರೂ ಅಂಗೈ ಬೆವರುತ್ತದೆ.

ಶಾಲೆಯ ಜಗಲಿಯಲ್ಲಿ ಗ್ರಾಮಸಭೆ. ಗೋಡೆಗೆ ನಕ್ಷೆ ಹಚ್ಚಿದ್ದರು. ಊರಿನ ಹೆಸರಿನ ಸುತ್ತ ಕಡುಹಸಿರು ಬಿಟ್ಟು ಬೇರೆ ಬಣ್ಣ ಕಾಣುತ್ತಿರಲಿಲ್ಲ. ವಯಸ್ಸಾದ ತೋಟಿಗರೊಬ್ಬರು ಕನ್ನಡಕ ಏರಿಸಿ, ಹಳ್ಳದ ಗೆರೆಯ ಮೇಲೆ ಬೆರಳಿಟ್ಟು, ನಿಧಾನಕ್ಕೆ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಆಮೇಲೆ ತಿರುಗಿ, “ತಂಗೀ, ಇದರಲ್ಲಿ ನಮ್ಮ ತೋಟ ಯಾವುದು?” ಎಂದು ಕೇಳಿದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಬ್ಬ ಯುವಕ, “ಎಲ್ಲಾ ಫಾರೆಸ್ಟ್ ಅಂತ ಬರ್ದಿದಾರಲ್ರೋ” ಎಂದು ಕೂಗಿದ. ಜಗಲಿ ಎದ್ದು ನಿಂತಿತು. ಆ ಭಾಗದ ಜನ ಒತ್ತುವರಿ ನೋಟಿಸು ಕಂಡವರು, ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ಊರಿನ ಹೆಸರು ಹುಡುಕಿದವರು. ಅವರ ಭಯ ಸುಳ್ಳಿನದ್ದಲ್ಲ.

ಅಧಿಕಾರಿ ಮೊದಲು, “ಇದು ಉಪಗ್ರಹ ತೆಗೆದ ಚಿತ್ರ, ನಾವು ಮಾಡಿದ್ದಲ್ಲ” ಎಂದರು. ತೋಟಿಗರು ಪಹಣಿ ತೆಗೆದು ತೋರಿಸಿದರು: ಒಂಬತ್ತನೇ ಕಾಲಂನಲ್ಲಿ ಹೆಸರು, ಹನ್ನೆರಡರಲ್ಲಿ ಅಡಿಕೆ. ಅಧಿಕಾರಿ ಆ ಕಾಗದ ಮುಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆ, “ಸ್ಥಳಕ್ಕೆ ಬಂದು ಚೆಕ್ ಮಾಡಿದ್ದು ಈ ಮೇಡಂ. ಅವರನ್ನೇ ಕೇಳಿ” ಎಂದು ಹೇಳಿ, ತಾಲ್ಲೂಕು ಕಚೇರಿಯಲ್ಲಿ ಸಭೆಯಿದೆ ಎಂದು ಜೀಪು ಹತ್ತಿದರು. ಧೂಳು ಇಳಿಯುವ ಮೊದಲೇ ಜನ ತಂಡದ ಸುತ್ತ ಗೋಡೆ ಕಟ್ಟಿದ್ದರು. ಒಬ್ಬರು ಜಿಪಿಎಸ್ ಕಿತ್ತುಕೊಂಡರು. ಇನ್ನೊಬ್ಬರು ಚೀಲವನ್ನು ನೆಲಕ್ಕೆ ಕೊಡವಿದರು. ಜೊತೆಗಿದ್ದ ಹುಡುಗನೊಬ್ಬ ಅಳತೊಡಗಿದ. “ನೋಟ ಸರಿಯಿಲ್ಲದವರು ನಮ್ಮ ಜಾಗಕ್ಕೆ ಯಾಕೆ ಬಂದ್ರಿ?” ಎಂದು ಹೆಂಗಸೊಬ್ಬರು ಮುಖದ ಹತ್ತಿರ ಬಂದು ಕೇಳಿದರು. ಕತ್ತಲಾಗುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಬಸ್ಸಿನ ಹೊತ್ತು ಮೀರಿತ್ತು.

ಉಳಿಸಿದ್ದು ಫೀಲ್ಡ್ ಪುಸ್ತಕ. ನೆಲಕ್ಕೆ ಬಿದ್ದ ಸಾಮಾನಿನಿಂದ ಊರಿನ ಮೇಷ್ಟರು ಅದನ್ನು ಹೆಕ್ಕಿ, ದೀಪದ ಕೆಳಗೆ ಪುಟ ತಿರುವಿ ಗಟ್ಟಿಯಾಗಿ ಓದತೊಡಗಿದರು. ‘ಅಡಿಕೆ ತೋಟ, ಫಸಲಿಗೆ ಬಂದದ್ದು, ನಡುವೆ ಕಾಳುಮೆಣಸು, ಏಲಕ್ಕಿ. ನಕ್ಷೆಯಲ್ಲಿ: ದಟ್ಟ ಅರಣ್ಯ. ತಪ್ಪು, ತಿದ್ದಬೇಕು.’ ಮುಂದಿನ ಪುಟದಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ದಿನಾಂಕ ಇತ್ತು, ಸಹಿ ಇತ್ತು. ಮೊದಲು ಪ್ರಶ್ನೆ ಕೇಳಿದ್ದ ಹಿರಿಯರು ತಮ್ಮ ತೋಟದ ಪುಟ ಬಂದಾಗ ಓದುವುದನ್ನು ನಿಲ್ಲಿಸಲು ಹೇಳಿ, ಜಿಪಿಎಸ್ ವಾಪಸು ಕೊಡಿಸಿ, ಮೂವರನ್ನೂ ಮನೆಗೆ ಊಟಕ್ಕೆ ಕರೆದೊಯ್ದರು. ಆ ಅಧಿಕಾರಿಯನ್ನು ಲೇಖಕಿ ಇಂದಿಗೂ ಕ್ಷಮಿಸಿಲ್ಲ. ತಮ್ಮ ಮೇಜಿನ ಮೇಲಿದ್ದ ವರದಿಯನ್ನು ಮುಚ್ಚಿಟ್ಟು, ಅದನ್ನು ಬರೆದವಳನ್ನೇ ಜನರ ಮುಂದೆ ತಳ್ಳಿದ್ದು ಕೆಲಸದ ಒತ್ತಡವಲ್ಲ, ಹೇಡಿತನ. ಆ ಪಂಚಾಯಿತಿಯ ಹಾಳೆಯನ್ನು ಆಮೇಲೆ ತಿದ್ದಿದರು. ಗಲಾಟೆ ಮಾಡದ ನೆರೆಯ ಪಂಚಾಯಿತಿಗಳ ಹಾಳೆ ಹಾಗೆಯೇ ಉಳಿಯಿತು.

ಇದು ಒಂದು ಊರಿನ ಕತೆ ಮಾತ್ರವಲ್ಲ. ಕಸ್ತೂರಿರಂಗನ್ ನೇತೃತ್ವದ ಕಾರ್ಯಪಡೆ 2013ರಲ್ಲಿ ಪಶ್ಚಿಮ ಘಟ್ಟವನ್ನು ಉಪಗ್ರಹ ಚಿತ್ರದಿಂದಲೇ ‘ನೈಸರ್ಗಿಕ’ ಮತ್ತು ‘ಸಾಂಸ್ಕೃತಿಕ’ ಎಂದು ವಿಂಗಡಿಸಿತು. ಶೇ 20 ಅಥವಾ ಅದಕ್ಕಿಂತ ಹೆಚ್ಚು ಸೂಕ್ಷ್ಮ ನೈಸರ್ಗಿಕ ಭೂಭಾಗವಿದ್ದರೆ ಇಡೀ ಗ್ರಾಮ ಸೂಕ್ಷ್ಮ ಪ್ರದೇಶಕ್ಕೆ ಸೇರಿತು. ಕರ್ನಾಟಕದ ಪಾಲಿಗೆ ಬಂದದ್ದು 20,668 ಚದರ ಕಿಲೋಮೀಟರ್. ಕೇರಳ ಊರುಮಟ್ಟದ ಸಮಿತಿಗಳನ್ನು ಕಳಿಸಿ ನೆಲದಲ್ಲಿ ಪರಿಶೀಲಿಸಿತು. 13,108 ಚದರ ಕಿಲೋಮೀಟರ್ ಇದ್ದದ್ದು 2014ರ ಕರಡು ಅಧಿಸೂಚನೆಯಲ್ಲಿ 9,993.7ಕ್ಕೆ ಇಳಿಯಿತು. ಘಟ್ಟ ಉಳಿಯಬೇಕು ಎಂಬುದರಲ್ಲಿ ಲೇಖಕಿಗೆ ಎಳ್ಳಷ್ಟೂ ಸಂಶಯವಿಲ್ಲ. ಉಳಿಸುವ ಕೆಲಸಕ್ಕೆ ಊರವರ ನಂಬಿಕೆ ಬೇಕು, ತನ್ನ ತೋಟವನ್ನೇ ತೋರಿಸದ ನಕ್ಷೆಯನ್ನು ಯಾರೂ ನಂಬುವುದಿಲ್ಲ. 1930ರ ದಶಕದಲ್ಲಿ ಡಡ್ಲಿ ಸ್ಟಾಂಪ್ ಬ್ರಿಟನ್ನಿನ ಭೂಬಳಕೆ ಸಮೀಕ್ಷೆ ನಡೆಸಿದಾಗ ಶಾಲಾ ಮಕ್ಕಳು, ಮೇಷ್ಟರು ನಕ್ಷೆ ಹಿಡಿದು ತಮ್ಮೂರಿನ ಹೊಲಹೊಲ ಸುತ್ತಿದ್ದರು. ಉಪಗ್ರಹ ಬಂದ ಮೇಲೂ ಆ ನಡಿಗೆಗೆ ಬದಲಿ ಬಂದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಹೇಳುವುದು ಹೆಚ್ಚಿಲ್ಲ. ಒಂದೇ ಋತುವಿನ ಚಿತ್ರದಿಂದ ವರ್ಗೀಕರಣ ಮುಗಿಸಬೇಡಿ. ಹೊದಿಕೆಗೆ ಒಂದು ಕಾಲಂ, ಬಳಕೆಗೆ ಇನ್ನೊಂದು ಇಡಿ. ಪ್ರತಿ ವರ್ಗಕ್ಕೂ ಕನಿಷ್ಠ 50 ಸ್ಥಳ ನೋಡಬೇಕೆಂಬ ರಸೆಲ್ ಕಾಂಗಲ್ಟನ್ ಅವರ ಸೂತ್ರವನ್ನು ಪಾಲಿಸಿ, ಆ ಸ್ಥಳಗಳನ್ನು ರಸ್ತೆಗೆ ಸರಿಸಬೇಡಿ. ದನ ಕಾಯುವವರೊಬ್ಬರನ್ನು ಜೊತೆಗೆ ಕರೆದುಕೊಂಡು, ಕೂಲಿ ಕೊಟ್ಟು ಹೋಗಿ. ಅಡಿಕೆಯ ನೆರಳಲ್ಲಿ ಜಿಪಿಎಸ್ ಅಂಕಿ ಅಲುಗುತ್ತಿರುತ್ತದೆ, ಅದು ನಿಲ್ಲುವವರೆಗೆ ಕಾಯಿರಿ. ಒಟ್ಟು ನಿಖರತೆಯ ಒಂದೇ ಅಂಕಿಯನ್ನು ಯಾರಾದರೂ ತೋರಿಸಿದರೆ, ಯಾವ ವರ್ಗ ಯಾವುದರಲ್ಲಿ ಬೆರೆತಿದೆ ಎಂಬ ಕೋಷ್ಟಕ ಕೇಳಿ. ದೊಡ್ಡ ಕಾಡು ಸರಿಯಿದ್ದರೆ ಸಣ್ಣ ತೋಟಗಳೆಲ್ಲ ತಪ್ಪಿದ್ದರೂ ಒಟ್ಟು ಅಂಕಿ ಚೆಂದವೇ ಇರುತ್ತದೆ. ನಕ್ಷೆ ಮುದ್ರಿಸುವ ಮೊದಲು ಊರಿಗೆ ತೋರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕಂಡದ್ದನ್ನು ಅಂದೇ, ಅಲ್ಲೇ, ಸಹಿ ಸಮೇತ ಬರೆಯಿರಿ.

ಊರಿನಲ್ಲಿರುವವರಿಗೂ ಒಂದು ವಿನಂತಿ. ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಬಿದ್ದರೆ ಆಕ್ಷೇಪಣೆಗೆ 60 ದಿನ ಸಿಗುತ್ತದೆ. ಸಭೆಯಲ್ಲಿ ಕೂಗಿದ್ದು ಕಡತಕ್ಕೆ ಸೇರುವುದಿಲ್ಲ. ನಿಮ್ಮ ಸರ್ವೆ ನಂಬರು ನಕ್ಷೆಯಲ್ಲಿ ಯಾವ ವರ್ಗದಲ್ಲಿದೆ ನೋಡಿ, ತಪ್ಪಿದ್ದರೆ ಪಹಣಿಯ ಪ್ರತಿ ಲಗತ್ತಿಸಿ ಬರಹದಲ್ಲಿ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.