ನಕ್ಷೆಗೆ ಬಣ್ಣ ಬಳಿಯುವ ಮೊದಲು

ಬೆಂಗಳೂರಿನ ಗಾಳಿಯ ಲೆಕ್ಕಕ್ಕೆ ಕೈ ಹಾಕಿದ್ದೀಯಂತೆ. ಕೇಳಿ ಹಿಗ್ಗಿದೆ ಕಣಪ್ಪ. ಯಾವ ಬೀದಿಯಲ್ಲಿ, ಯಾವ ಹೊತ್ತಿಗೆ, ಎಷ್ಟು ಮಾಲಿನ್ಯ ಅಂತ ಹೇಳುವ ಮಾದರಿ ಕಟ್ಟೋದು ಸಣ್ಣ ಆಸೆಯಲ್ಲ. ನಿನಗೆ ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ಅದಕ್ಕೇ ಈ ಮಾತು: ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಸುತ್ತು ಊರು ನೋಡಿ ಬಾ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಲ್ಲು. ಆಮೇಲೆ ಒಳಗಿನ ಅಡ್ಡರಸ್ತೆಗಳಿಗೆ ನಡೆ. ವಾಹನ ಉಗುಳುವ ನೈಟ್ರೋಜನ್ ಡೈಆಕ್ಸೈಡ್ ಕೆಲವು ನೂರು ಮೀಟರ್ ದಾಟುವಷ್ಟರಲ್ಲಿ ಸುತ್ತಲಿನ ಮಟ್ಟಕ್ಕೆ ಇಳಿಯುತ್ತೆ. ಪಿಎಂ 2.5 ಅನ್ನೋ ಸಣ್ಣ ಕಣ ಹಾಗಲ್ಲ. ಅದು ದೂರದಿಂದಲೂ ತೇಲಿ ಬರುತ್ತೆ, ಬೇಗ ಬಿಟ್ಟು ಹೋಗಲ್ಲ. ಎರಡಕ್ಕೂ ಒಂದೇ ಸೂತ್ರ ಹಚ್ಚಬೇಡ.

ಹೊತ್ತನ್ನೂ ನೋಡು. ವಾಹನ ಎಣಿಸಿದರೆ ಲೆಕ್ಕ ಮುಗೀತು ಅಂದುಕೊಂಡಿದ್ದೀಯ, ಅಲ್ವಾ? ಜನವರಿಯ ಬೆಳಗ್ಗೆ ನೆಲ ತಣ್ಣಗಿರುತ್ತೆ. ಮೇಲಿನ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಹೊಗೆಯನ್ನು ಕೆಳಗೇ ಹಿಡಿದಿಡುತ್ತೆ. ಮಧ್ಯಾಹ್ನ ಬಿಸಿಲೇರಿದರೆ ಅದೇ ಹೊಗೆ ಮೇಲಕ್ಕೆ ಹರಡಿ ತೆಳುವಾಗುತ್ತೆ. ಓಜೋನ್ ಮಾತ್ರ ಆ ಬಿಸಿಲಿಗೇ ಏರುತ್ತೆ. ಜೂನ್ ಬಂದರೆ ಮಳೆಯೇ ಗಾಳಿ ತೊಳೆಯುತ್ತೆ. ಹವಾಮಾನ ಬಿಟ್ಟು ಕಟ್ಟಿದ ಮಾದರಿ ಅಂಗೈಯಲ್ಲಿ ತೋರಿಸಿದ ಅರಮನೆ.

ಇನ್ನು ನೀನು ಹೆಚ್ಚು ಅವಸರ ಪಡುವ ಜಾಗ. ಪೀಣ್ಯ, ಹೆಬ್ಬಾಳ, ಜಯನಗರದ ಗಾಳಿ ಅಳೆಯುವ ಕೇಂದ್ರಗಳಿಂದ ವರ್ಷಗಟ್ಟಲೆಯ ಅಂಕಿ ತೆಗೆದು, ಅಲ್ಲೊಂದು ಇಲ್ಲೊಂದು ಗಂಟೆ ಮುಚ್ಚಿಟ್ಟು, ಮಾದರಿ ಸರಿಯಾಗಿ ಊಹಿಸಿತು ಅಂತ ಬೀಗುತ್ತೀಯ. ಎಂಟು ಗಂಟೆಯ ಅಂಕಿ, ಹತ್ತು ಗಂಟೆಯ ಅಂಕಿ ಗೊತ್ತಿದ್ದರೆ ಒಂಬತ್ತರದ್ದು ಊಹಿಸೋದೇನು ಮಹಾ? ಜಯನಗರದ ಕೇಂದ್ರವನ್ನೇ ಪೂರ್ತಿ ಮುಚ್ಚು. ಮಿಕ್ಕ ಕೇಂದ್ರಗಳಿಂದ ಅಲ್ಲಿನ ಗಾಳಿ ಹೇಳು. ಆಮೇಲೆ ಪೀಣ್ಯ ಮುಚ್ಚು. ಅಂಕ ಇಳಿದರೆ ಇಳಿಯಲಿ, ಅದೇ ನಿಜವಾದ ಅಂಕ. ಕೇಂದ್ರವಿಲ್ಲದ ಬೀದಿಗೆ ತಾನೇ ನಿನ್ನ ಮಾದರಿ ಬೇಕಾಗಿರೋದು!

ಇಂಥ ಕೆಲಸ ಹಿಂದೆಯೂ ನಡೆದಿದೆ. 1997ರಲ್ಲಿ ಸಂಶೋಧಕ ಡೇವಿಡ್ ಬ್ರಿಗ್ಸ್ ಮತ್ತು ಸಂಗಡಿಗರು ಆಮ್‌ಸ್ಟರ್‌ಡ್ಯಾಮ್, ಹಡರ್ಸ್‌ಫೀಲ್ಡ್, ಪ್ರಾಗ್ ನಗರಗಳ ಗಾಳಿ ಮಾಲಿನ್ಯದ ನಕ್ಷೆ ಪ್ರಕಟಿಸಿದರು. ಒಂದೊಂದು ಊರಲ್ಲೂ ಹತ್ತಾರು ಕಡೆ ಅಳೆದು, ರಸ್ತೆ ಮತ್ತು ನೆಲದ ಬಳಕೆಗೆ ಅದನ್ನು ಹೊಂದಿಸಿದ್ದರು. ಮೊದಲು ಬೆವರು, ಆಮೇಲೆ ಬಣ್ಣ. ನೀನೂ ಅಗ್ಗದ ಸೆನ್ಸರ್ ಇಡು, ಬೇಡ ಅನ್ನಲ್ಲ. ಆದರೆ ತೇವ ಹೆಚ್ಚಾದರೆ ಅದು ಕಣದ ಲೆಕ್ಕ ಉಬ್ಬಿಸುತ್ತೆ. ಮಳೆಗಾಲದಲ್ಲೂ ಚಳಿಗಾಲದಲ್ಲೂ ಒಳ್ಳೆಯ ಉಪಕರಣದ ಪಕ್ಕ ಇಟ್ಟು ತಾಳೆ ನೋಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದ ಹಿರಿಯರು ದಡ್ಡರಲ್ಲ.

ಪಿಎಂ 2.5ಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಒಂದು ಬೀದಿಗೆ ನಿನ್ನ ಮಾದರಿ 37 ಅಂದು, ಅದರ ತಪ್ಪು ಹತ್ತರಷ್ಟಿದ್ದರೆ, ಮಿತಿಯೊಳಗಿದೆ ಅಂತ ಹಸಿರು ಬಳಿಯುವ ಹಕ್ಕು ನಿನಗಿಲ್ಲ. ನಕ್ಷೆ ನಂಬಿ ಯಾರೋ ಅಲ್ಲಿ ಮನೆ ಹಿಡಿಯುತ್ತಾರೆ, ಮಗುವನ್ನು ಶಾಲೆಗೆ ಸೇರಿಸುತ್ತಾರೆ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತ ಬರಿ. ಮುಂದಿನ ಮಾಪಕ ಅಲ್ಲೇ ಬೇಕು ಅಂತ ಪಟ್ಟು ಹಿಡಿ. ಆ ಗಟ್ಟಿತನ ನಿನ್ನಲ್ಲಿದೆ, ನನಗೆ ಗೊತ್ತು.