ಗಾಡಿ ಬಿಸಿಯಾಗೋದು ಯಾವಾಗ?

ಪ್ರೀತಿಯ ಪುಟ್ಟಿ,

ಶಿರಾಡಿ ಘಾಟಿ ಹತ್ತುವಾಗ ನಿಮ್ಮಪ್ಪನ ಮಾರುತಿ 800 ಮತ್ತೆ ಹೀಟ್ ಆಯ್ತು, ಬಾನೆಟ್ ಸಂದಿಯಿಂದ ಆವಿ ಬಂತು, ಮೆಕ್ಯಾನಿಕ್ಕು ‘ಥರ್ಮೋಸ್ಟಾಟ್ ಕಿತ್ತು ಬಿಸಾಕೋಣ’ ಅಂತಿದಾನೆ ಎಂದು ಬರೆದಿದ್ದೀಯ. ಅವನಿಗೆ ಎರಡು ದಿನ ತಡಿಯಪ್ಪ ಅನ್ನು.

ಯಾವ ಭಾಗಕ್ಕೂ ಸ್ಪ್ಯಾನರ್ ಹಾಕುವ ಮುಂಚೆ ನೀನು ನೋಡಬೇಕಾದ್ದು ಒಂದೇ. ಈ ಗಾಡಿ ಬಿಸಿಯಾಗೋದು ಯಾವಾಗ? ಸಿಗ್ನಲ್ಲಲ್ಲಿ ನಿಂತಾಗಲೋ, ಏರು ಹತ್ತುವಾಗಲೋ, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದೇ ನಿಮಿಷಕ್ಕೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ನಿಂತಾಗ ಶಾಖದ ಮೀಟರಿನ ಮುಳ್ಳು ಏರಿ, ಓಡಲು ಶುರುವಾದ ಕೂಡಲೇ ಇಳಿದರೆ ಮೊದಲ ಗುಮಾನಿ ಫ್ಯಾನಿನ ಮೇಲೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಇಂಜಿನ್ನೇ ಬೆಲ್ಟಿನಿಂದ ಫ್ಯಾನ್ ತಿರುಗಿಸುತ್ತಿತ್ತು. 800ರಲ್ಲಿ ಇಂಜಿನ್ ಅಡ್ಡಡ್ಡ ಕೂತಿದೆ, ಹಾಗಾಗಿ ಫ್ಯಾನಿಗೆ ಬೇರೆ ಕರೆಂಟು ಮೋಟಾರು. ಗಾಡಿ ನಿಲ್ಲಿಸಿ ಇಂಜಿನ್ ಓಡಿಸುತ್ತಾ ಕಾದು ನೋಡು. ಮುಳ್ಳು ಅರ್ಧ ದಾಟಿದರೂ ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್ ನೋಡು. ಫ್ಯೂಸ್ ಸರಿಯಿದ್ದರೆ ಫ್ಯಾನ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಅದರ ಎರಡು ವೈರನ್ನೂ ತುಂಡು ತಂತಿಯಿಂದ ಕೂಡಿಸಿ, ಕೀ ಆನ್ ಮಾಡು. ಫ್ಯಾನ್ ಗಿರ್ರನೆ ತಿರುಗಿತೋ, ಮೋಟಾರು ಚೆನ್ನಾಗಿದೆ, ಕೆಟ್ಟಿರೋದು ಸ್ವಿಚ್ಚು. ಕೈಬೆರಳು, ಜಡೆ, ದುಪಟ್ಟಾ ಎಲ್ಲ ದೂರವಿರಲಿ.

ನಿನ್ನ ಗಾಡಿಯ ವರಸೆ ಬೇರೆ. ಊರೊಳಗೆ ಸುಮ್ಮನಿದ್ದು, ಗುಂಡ್ಯ ದಾಟಿ ಏರು ಶುರುವಾದಾಗ ಮುನಿಸಿಕೊಳ್ಳುತ್ತೆ. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ 796 ಸಿಸಿಯ ಪುಟ್ಟ ಇಂಜಿನ್ ಜೋರಾಗಿ ದುಡಿಯುತ್ತೆ, ಎದುರು ಗಾಳಿ ಮಾತ್ರ ಇರೋದಿಲ್ಲ. ಅಷ್ಟು ಬಿಸಿಯನ್ನು ಹೊರಗೆ ಹಾಕುವ ಶಕ್ತಿ ರೇಡಿಯೇಟರಿಗೆ ಉಳಿದಿಲ್ಲ ಅಂತ ನನ್ನ ಲೆಕ್ಕ. ನಿಮ್ಮಪ್ಪ ದಾರಿಬದಿಯ ಹೋಟೆಲಿನ ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ಸುರಿದವನು. ಆ ಗಡಸು ನೀರು ಕಾದಾಗ ಒಳಗಿನ ಸಣ್ಣ ಕೊಳವೆಗಳಿಗೆ ಬಿಳಿ ಸುಣ್ಣ ಕಟ್ಟುತ್ತೆ, ನಿಮ್ಮ ಸ್ನಾನದ ಮನೆಯ ಗೀಸರ್ ಕಾಯಿಲಿಗೆ ಕಟ್ಟಿದ ಹಾಗೆಯೇ. ಗಾಡಿ ಓಡಿಸಿ ಬಂದು, ಇಂಜಿನ್ ನಿಲ್ಲಿಸಿ, ಫ್ಯಾನಿನ ವೈರ್ ಕಳಚಿ, ರೇಡಿಯೇಟರ್ ಮುಖದ ಉದ್ದಕ್ಕೂ ಹುಷಾರಾಗಿ ಅಂಗೈ ಹತ್ತಿರ ಹಿಡಿ. ಬಿಸಿಯ ನಡುವೆ ಒಂದೆಡೆ ತಣ್ಣಗೆ ಅನ್ನಿಸಿದರೆ ಅಲ್ಲಿ ನೀರು ಹರಿಯುತ್ತಿಲ್ಲ. ಹೊರಗಡೆಯೂ ನೋಡು. ರಾಗಿ, ಹುರುಳಿ ಒಕ್ಕಲು ರಸ್ತೆಗೆ ಹರಡಿದ ಕಾಲದಲ್ಲಿ ಊರಿಗೆ ಬಂದಿದ್ದೀಯ. ಹೊಟ್ಟೆಲ್ಲ ರೇಡಿಯೇಟರಿನ ಎಸಳುಗಳಲ್ಲಿ ಹೊಕ್ಕು ಕೂತಿರುತ್ತೆ. ಇಂಜಿನ್ ಕಡೆಯಿಂದ ಮುಂದಕ್ಕೆ ನಿಧಾನವಾಗಿ ನೀರು ಹಾಯಿಸು. ವಾಟರ್ ವಾಶಿನವರ ಜೋರು ಪೈಪು ಬೇಡ, ಎಸಳು ಮಡಚಿಕೊಳ್ಳುತ್ತವೆ. ಕೆಳಗಿನ ಹೋಸ್ ಪೈಪು ರೇಸ್ ಮಾಡಿದಾಗ ಒಳಕ್ಕೆ ಚಪ್ಪಟೆಯಾಗುತ್ತದೆಯೇ ಅಂತಲೂ ನೋಡಿಬಿಡು.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಅದರ ಮೇಲೆ 0.9 ಅಂತ ಬರೆದಿರುತ್ತೆ. ಒಳಗೆ ಅಷ್ಟು ಒತ್ತಡ ನಿಂತರೆ ಬರೀ ನೀರು ಕೂಡ 120 ಡಿಗ್ರಿ ಹತ್ತಿರ ಬರುವತನಕ ಕುದಿಯೋದಿಲ್ಲ. ಮುಚ್ಚಳದ ರಬ್ಬರ್ ಒಣಗಿ ಸೀಳಿದರೆ ಒತ್ತಡ ನಿಲ್ಲದು. ಸಕಲೇಶಪುರದ ಎತ್ತರದಲ್ಲಿ ತೆರೆದ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಹೊಸ ಮುಚ್ಚಳಕ್ಕೆ ಹೆಚ್ಚು ದುಡ್ಡೂ ಬೇಡ, ಅದನ್ನೇ ಮೊದಲು ಹಾಕಿಸು. ಆದರೆ ಬಿಸಿಯಿದ್ದಾಗ ಅದನ್ನು ತಿರುಗಿಸಿದೆಯೋ, ಆವಿ ನೇರ ಮುಖಕ್ಕೆ ಬರುತ್ತೆ. ಬರಿಗೈಯಿಂದ ಮೇಲಿನ ಪೈಪು ಹಿಡಿಯುವಷ್ಟು ಆರುವತನಕ ಮುಟ್ಟಬೇಡ.

ಇನ್ನು ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ಬಾಯಿ ಬಿಟ್ಟು ರೇಡಿಯೇಟರಿಗೆ ನೀರು ಹರಿಸುವ ವಾಲ್ವು. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಮುಳ್ಳು ಏರಿ, ಮೇಲಿನ ಪೈಪು ಮಾತ್ರ ತಣ್ಣಗಿದ್ದರೆ ಅದು ಮುಚ್ಚಿಕೊಂಡೇ ಕೂತಿದೆ ಅಂತ ಅರ್ಥ. ನೀನು ಬರೆದ ಲಕ್ಷಣ ಅದಲ್ಲ. ಅನುಮಾನವಿದ್ದರೆ ಬಿಚ್ಚಿಸಿ, ಹಳೇ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಸ್ಟೌ ಹಚ್ಚು. ಅದರ ಮೇಲೆ ಒತ್ತಿರುವ ಅಂಕಿಯ ಹತ್ತಿರ, ಸಾಮಾನ್ಯವಾಗಿ 82 ಡಿಗ್ರಿ, ಬಾಯಿ ಬಿಡಲು ಶುರುಮಾಡಬೇಕು. ಕುದಿಯುವ ನೀರಲ್ಲೂ ಬಿಡದಿದ್ದರೆ ಹೊಸದು ಹಾಕಿಸು. ಕಿತ್ತು ಬಿಸಾಕೋದು ನಮ್ಮ ಗ್ಯಾರೇಜುಗಳ ಹಳೇ ಚಾಳಿ, ನನಗೆ ಸುತರಾಂ ಒಪ್ಪಿಗೆಯಿಲ್ಲ. ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲು ಕುಡಿಯುತ್ತೆ, ನಿಜವಾದ ಕಾಯಿಲೆ ಒಳಗೇ ಉಳಿಯುತ್ತೆ.

ಒಂದು ಮೋಸ ನೆನಪಿಡು. ಮೇಲೇರಿದ್ದ ಮುಳ್ಳು ಇದ್ದಕ್ಕಿದ್ದಂತೆ ತಣ್ಣಗಿನ ಕಡೆಗೆ ಬಿದ್ದರೆ ಬಚಾವಾದೆ ಅಂದುಕೊಳ್ಳಬೇಡ. ಒಳಗೆ ನೀರೇ ಖಾಲಿಯಾಗಿ, ಶಾಖ ಅಳೆಯುವ ಸೆನ್ಸರ್ ಗಾಳಿಯಲ್ಲಿ ನಿಂತಿರಬಹುದು. ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡು, ತಣ್ಣೀರು ಮಾತ್ರ ಸುರಿಯಬೇಡ. ಹೆಡ್ಡು ಅಲ್ಯೂಮಿನಿಯಮ್ಮಿನದು, ಸೊಟ್ಟಗಾದರೆ ಖರ್ಚು ದೊಡ್ಡದು.

ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ ಮಾತ್ರ ನನಗೆ ಚಿಂತೆ. ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡು. ಗುಳ್ಳೆ ಒಂದೇ ಸಮನೆ ಬರುತ್ತಲೇ ಇದ್ದರೆ, ಇಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಗ ಓಡಿಸಬೇಡ, ಟೋ ಮಾಡಿಸು. ಹೆಡ್ಡನ್ನು ಲೇತಿಗೆ ಕೊಟ್ಟು ಮಟ್ಟ ನೋಡಿಸದೆ ಬರೀ ಗ್ಯಾಸ್ಕೆಟ್ ಬದಲಿಸುವವನ ಹತ್ತಿರ ಹೋಗಬೇಡ.

ಈ ವಾರ ಮುಚ್ಚಳ ಬದಲಿಸಿ, ರೇಡಿಯೇಟರ್ ಬಿಚ್ಚಿಸಿ ಒಳಗೆ ತೊಳೆಸು. ಆಮೇಲೆ ಬೋರ್ ನೀರು ಬಿಟ್ಟು, ಕೂಲೆಂಟಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸು. ಚೆಲ್ಲಿದ್ದನ್ನು ಒರೆಸಿಬಿಡು. ಅದು ಸಿಹಿ ವಿಷ, ನಿಮ್ಮ ನಾಯಿ ನೆಕ್ಕೀತು. ಇಷ್ಟಾದ ಮೇಲೂ ಘಾಟಿಯಲ್ಲಿ ಮುಳ್ಳು ಏರಿದರೆ ವಾಟರ್ ಪಂಪ್ ಬಿಚ್ಚಿಸಬೇಕು, ಆಗ ಫೋನ್ ಮಾಡು.

ಇಂತಿ ನಿನ್ನ,
ದೊಡ್ಡಪ್ಪ